33 ಕರೆಂಟ್ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ನಿನ್ನೆ ನನ್ನ ಕ್ಯಾನ್ಸರಿನ ಕರೆಂಟ್, ಅಂದರೆ ರೇಡಿಯೇಷನ್ ಚಿಕಿತ್ಸೆಯ ಕೊನೆಯ ಸಿಟ್ಟಿಂಗ್ ಆಯಿತು. ಒಟ್ಟು 33. ಬಲಗಾಲು ನನ್ನದಾಗಿಯೇ ಉಳಿದಿದೆ. ಅದೇ ಕಾಲಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಗೇಟಿನವರೆಗೆ ನಡೆದು ಬಂದು ಟೀ ಕುಡಿದೆ.

ತೊಡೆಯಲ್ಲಿ ಗಂಟು ಕಾಣಿಸಿಕೊಂಡಾಗ ಊರಲ್ಲಿ ಅದು ಕೊಬ್ಬಿನ ಗಂಟು ಅಂತ ಸ್ಕ್ಯಾನ್ ಕೂಡ ಮಾಡಿಸದೆ ತೆಗೆದುಬಿಟ್ಟರು. ರಿಪೋರ್ಟ್ ಬಂದರೆ ಸಾರ್ಕೋಮಾ, ಅಂದರೆ ಮಾಂಸ, ಕೊಬ್ಬಿನಂಥ ಮೆತ್ತನೆ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್. ಅದರಿಂದ ಎರಡನೇ ಆಪರೇಷನ್ ದೊಡ್ಡದಾಯಿತು, ಹಳೆ ಗಾಯದ ಸುತ್ತಲಿನ ಮಾಂಸವನ್ನೂ ತೆಗೆಯಬೇಕಾಯಿತು. ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಆಳದಲ್ಲಿದ್ದರೆ, ಬೆಳೆಯುತ್ತಿದ್ದರೆ ದಯವಿಟ್ಟು ಮೊದಲು ಎಂಆರ್‌ಐ ಮಾಡಿಸಿ, ಸೂಜಿ ಹಾಕಿ ಪರೀಕ್ಷೆ ಮಾಡಿಸಿ, ಕೊಯ್ಯೋದು ಆಮೇಲೆ.

ಕಾಲೇ ತೆಗೆಯುತ್ತಾರೆ ಅಂತ ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಟೈಲರ್‌ಗೆ ಪೆಡಲ್ ಕಾಲು ಹೋದರೆ ಇನ್ನೇನು ಉಳಿಯುತ್ತೆ, ಅಲ್ವಾ? ಆಗ ಡಾಕ್ಟರ್ ಪಕ್ಕದಲ್ಲಿ ಕೂತು ಒಂದು ವಿಷಯ ಹೇಳಿದರು. ಅಮೆರಿಕದಲ್ಲಿ 43 ರೋಗಿಗಳು ಒಂದು ಅಧ್ಯಯನಕ್ಕೆ ಒಪ್ಪಿಕೊಂಡಿದ್ದರಂತೆ, ಯಾರಿಗೆ ಕೈಕಾಲು ತೆಗೆಯೋದು, ಯಾರಿಗೆ ಉಳಿಸಿ ಕರೆಂಟ್ ಕೊಡೋದು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡಿದರಂತೆ. 1982ರಲ್ಲಿ ಅದರ ಫಲಿತಾಂಶ ಬಂತು. ಬದುಕಿ ಉಳಿಯೋದರಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಆ 43 ಜನರಲ್ಲಿ 16 ಜನ ಕೈಯೋ ಕಾಲೋ ಕಳೆದುಕೊಂಡವರು. ಅವರ ಹೆಸರು ನನಗೆ ಗೊತ್ತಿಲ್ಲ. ನನ್ನ ಮೊದಲ ನಮಸ್ಕಾರ ಅವರಿಗೇ.

ಹೊಲಿಗೆ ಪೂರ್ತಿ ಮಾಗಲಿ ಅಂತ ಆರು ವಾರ ಕಾದು ಕರೆಂಟ್ ಶುರು ಮಾಡಿದರು. ಕಾಲು ಅಲ್ಲಾಡದ ಹಾಗೆ ಅಚ್ಚು ಮಾಡಿ, ತೊಡೆ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದರು. ದಿನಾ ಆ ಗೆರೆಗೆ ಲೇಸರ್ ಬೆಳಕು ಸರಿಯಾಗಿ ಕೂರುವವರೆಗೆ ಟೆಕ್ನಿಷಿಯನ್ ತಂಗಿ ಕಾಲನ್ನು ನೂಲೆಳೆಯಷ್ಟು ಆಕಡೆ, ನೂಲೆಳೆಯಷ್ಟು ಈಕಡೆ ಸರಿಸುತ್ತಿದ್ದಳು. ನಾನು ಬಟ್ಟೆ ಮೇಲೆ ಚಾಕ್ ಇಡುವಾಗಲೂ ಅಷ್ಟು ತಾಳ್ಮೆ ಇರಲಿಲ್ಲ. ತೊಡೆಯ ಒಂದು ಪಕ್ಕ ಚರ್ಮದ ಒಂದು ಪಟ್ಟಿಗೆ ಕರೆಂಟ್ ಬೀಳದ ಹಾಗೆ ಬಿಟ್ಟಿದ್ದಾರೆ, ಸುತ್ತಲೂ ಕೊಟ್ಟರೆ ನೀರು ಕೆಳಗೇ ನಿಂತು ಕಾಲು ಊದಿಕೊಳ್ಳುತ್ತಂತೆ. ಮೆಷಿನ್ ಒಳಗೆ ನೋವೇ ಇಲ್ಲ. ನಾಲ್ಕನೇ ವಾರದಿಂದ ಚರ್ಮ ಕಪ್ಪಾಗಿ ಉರಿ ಶುರುವಾಯಿತು, ಪ್ಯಾಂಟ್ ಬಿಟ್ಟು ಪಂಚೆಗೆ ಬಂದೆ.

ಧರ್ಮಶಾಲೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ರಾಯಚೂರಿನ ಅಜ್ಜ, ತನಗೇ ಗಂಟಲಿಗೆ ಕರೆಂಟ್, ಮಾತು ಬರುತ್ತಿರಲಿಲ್ಲ, ಆದರೂ ದಿನಾ ಬೆಳಿಗ್ಗೆ ನನ್ನ ಮಂಡಿ ತೋರಿಸಿ ಮಡಚು, ಮಡಚು ಅಂತ ಕೈಸನ್ನೆ ಮಾಡಿ ವ್ಯಾಯಾಮ ಮಾಡಿಸುತ್ತಿದ್ದರು. ಅಜ್ಜ, ಮಂಡಿ ಈಗ ಪೂರ್ತಿ ಮಡಚುತ್ತೆ. ಪ್ರತಿ ಶುಕ್ರವಾರ ಸಂಜೆ ತಿಪಟೂರು ಸ್ಟೇಷನ್ನಿಗೆ ಗಾಡಿ ತಂದ ಭಾವ, ಒಂದು ದಿನಾನೂ ಅಂಗಡಿ ಬಾಗಿಲು ಹಾಕದ ನನ್ನ ಹೆಂಡತಿ, ಹಬ್ಬದ ಬಟ್ಟೆ ತಡವಾದರೂ ಬೇರೆ ಕಡೆ ಕೊಡದೆ ಕಾದ ಗಿರಾಕಿಗಳು, ನಿಮ್ಮನ್ನೆಲ್ಲ ಹೇಗೆ ಮರೆಯಲಿ.

ಮೂರು ತಿಂಗಳಿಗೊಮ್ಮೆ ಚೆಕಪ್, ಎದೆಯ ಸ್ಕ್ಯಾನ್ ಇದೆ. ಹೆದರಿಕೆ ಹೋಗಿಲ್ಲ. ಇವತ್ತು ಬೆಳಿಗ್ಗೆ ಟೇಪ್ ತೆಗೆದು ಎರಡೂ ತೊಡೆ ಅಳೆದೆ. ಬಲಗಡೆ ಒಂದೂವರೆ ಇಂಚು ಕಮ್ಮಿ. ಅಳತೆ ಪುಸ್ತಕದಲ್ಲಿ ನನ್ನ ಹೆಸರು ಬರೆದು ಎರಡನ್ನೂ ಬೇರೆ ಬೇರೆ ಗುರುತು ಹಾಕಿಕೊಂಡಿದ್ದೇನೆ, ಉರಿ ಇಳಿದ ಮೇಲೆ ಹೊಸ ಪ್ಯಾಂಟ್ ಹೊಲಿದುಕೊಳ್ಳಬೇಕು.