ಆನ್ ಆರ್ಬರ್ ಪ್ರವಾಸದ ಪೂರ್ತಿ ವಿವರ: ಅಪ್ಪ ಅಮ್ಮನಿಗೆ ಪತ್ರ

ಕೊಲಂಬಸ್, ಓಹಾಯೋ
14 ಸೆಪ್ಟೆಂಬರ್ 2025

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನವೆಂಬರ್ ಕೊನೆಯ ವಾರದ ಫುಟ್‌ಬಾಲ್ ಪ್ರವಾಸದ ಬಗ್ಗೆ ಅಪ್ಪ ಕೇಳಿದ್ದಕ್ಕೆಲ್ಲ ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧ ಮರೆತುಹೋಗುತ್ತೆ. ಅದಕ್ಕೇ ಬರೆದು ಕಳಿಸ್ತಿದ್ದೀನಿ. ಪ್ರಿಂಟ್ ತೆಗೆಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಪಂದ್ಯ ನವೆಂಬರ್ 29, ಶನಿವಾರ, ಮಧ್ಯಾಹ್ನ 12ಕ್ಕೆ. ಓಹಾಯೋ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ನಡುವೆ. 1897ರಿಂದ ನಡೆದು ಬಂದ ಹಠ ಇದು. ಈಗಿನ ಲೆಕ್ಕದಲ್ಲಿ ಸಮ ಸಂಖ್ಯೆಯ ವರ್ಷ ನಮ್ಮೂರು ಕೊಲಂಬಸ್‌ನಲ್ಲಿ, ಬೆಸ ವರ್ಷ ಅವರ ಆನ್ ಆರ್ಬರ್‌ನಲ್ಲಿ. ಈ ಸಲ ನಾವು ಹೋಗಬೇಕಾದ ಸರದಿ. ದೂರ ಸುಮಾರು 300 ಕಿಲೋಮೀಟರ್, ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋದಷ್ಟು. ಮೂರೂಕಾಲು ಗಂಟೆಯ ದಾರಿ.

ಹೆಸರು ಫುಟ್‌ಬಾಲ್ ಅಂತಿದ್ದರೂ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ, ಅಂದರೆ 30 ಅಡಿ, ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತೆ. ಆಗದಿದ್ದರೆ ಚೆಂಡು ಎದುರಾಳಿಗೆ. ಅಂಗಳದ ಅಂಚಿನಲ್ಲಿ ಎರಡು ಕೋಲಿಗೆ ಕಟ್ಟಿದ 10 ಗಜದ ಸರಪಳಿ ಹಿಡಿದು ನಿಂತಿರುತ್ತಾರೆ, ಥೇಟ್ ನಮ್ಮ ಮೋಜಣಿಯವರ ಹಾಗೆ. ಕೊನೆಯ ಗೆರೆ ದಾಟಿಸಿದರೆ 6 ಅಂಕ, ಕಂಬಗಳ ನಡುವೆ ಒದ್ದು ಹಾರಿಸಿದರೆ 3. ಇಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದು ಪಕ್ಕದವರು ಕೂಗೋದರಿಂದಲೇ ತಿಳಿಯುತ್ತೆ. ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷ, ಆದರೆ ಎಸೆದ ಚೆಂಡು ಯಾರ ಕೈಗೂ ಸಿಗದಿದ್ದಾಗಲೆಲ್ಲ ಗಡಿಯಾರ ನಿಲ್ಲುತ್ತೆ, ಮಧ್ಯೆ ಟೀವಿ ಜಾಹೀರಾತು ಬೇರೆ. ಹಾಗಾಗಿ ಮೂರೂವರೆ ಗಂಟೆ ಹಿಡಿಯುತ್ತೆ. ನಮ್ಮ ತಯಾರಿಯೆಲ್ಲ ಈ ಮೂರೂವರೆ ಗಂಟೆಗೇ. ಬಯಲಲ್ಲಿ, ಸೊನ್ನೆಯಿಂದ 5 ಡಿಗ್ರಿ ಚಳಿಯಲ್ಲಿ, ಬೆನ್ನಿಗೆ ಆಸರೆಯಿಲ್ಲದ ಅಲ್ಯೂಮಿನಿಯಂ ಬೆಂಚಿನ ಮೇಲೆ.

ಮೊದಲು ತಂಗೋ ವಿಷಯ. ಆನ್ ಆರ್ಬರ್ ಚಿಕ್ಕ ಊರು. ಪಂದ್ಯದ ವಾರ ಹೋಟೆಲ್ ಬಾಡಿಗೆ ಎರಡು ಮೂರು ಪಟ್ಟು ಏರುತ್ತೆ, ಎರಡು ರಾತ್ರಿಗಿಂತ ಕಡಿಮೆಗೆ ಕೊಡಲ್ಲ, ರದ್ದು ಮಾಡಿದರೆ ದುಡ್ಡು ವಾಪಸ್ ಬರೋದು ಬಹಳ ಮುಂಚೆ ತಿಳಿಸಿದರೆ ಮಾತ್ರ. ಅದಕ್ಕೇ ಟೊಲೀಡೋದಲ್ಲಿ ಉಳಿಯೋಣ. ದಾರಿಯಲ್ಲೇ ಸಿಗುತ್ತೆ, ಅಲ್ಲಿಂದ ಮೈದಾನಕ್ಕೆ 50 ಮೈಲಿ. ಶುಕ್ರವಾರ, ಶನಿವಾರ ಎರಡು ರಾತ್ರಿ. ಬುಕ್ ಮಾಡುವಾಗ ನೋಡಬೇಕಾದ್ದು ಬಾಡಿಗೆಗಿಂತ ಮೊದಲು ರದ್ದತಿಯ ಕೊನೆಯ ದಿನ. ಹತ್ತು ಡಾಲರ್ ಉಳಿಸೋಕೆ ಹೋಗಿ ವಾಪಸ್ ಬಾರದ ದರ ಹಿಡಿದರೆ, ಹಿಮ ಬಿದ್ದು ರಸ್ತೆ ಕೆಟ್ಟ ದಿನ ಪೂರ್ತಿ ನಷ್ಟ.

ಅಪ್ಪನಿಗೆ ಒಂದು ಸ್ವಾರಸ್ಯ. ಈ ಟೊಲೀಡೋ ಯಾರಿಗೆ ಸೇರಬೇಕು ಅಂತ 1835ರಲ್ಲಿ ಓಹಾಯೋ, ಮಿಷಿಗನ್ ಎರಡೂ ಪಡೆ ಕಟ್ಟಿ ಗಡಿಗೆ ಬಂದು ನಿಂತಿದ್ದವು. ಬೆಳಗಾವಿ ತಗಾದೆಯ ಹಾಗೇ, ಆದರೆ ಇಲ್ಲಿ ಎರಡು ವರ್ಷದೊಳಗೆ ಇತ್ಯರ್ಥವಾಯಿತು. ಊರು ಓಹಾಯೋಗೆ ಬಂತು. ಮಿಷಿಗನ್‌ಗೆ ಸಮಾಧಾನಕ್ಕೆ ಉತ್ತರದ ದೊಡ್ಡ ಕಾಡು ಸೀಮೆ ಸಿಕ್ಕಿತು, ಆಮೇಲೆ ನೋಡಿದರೆ ಅದರ ತುಂಬ ತಾಮ್ರ, ಕಬ್ಬಿಣದ ಅದಿರು! ಹಗೆ ಮಾತ್ರ ಫುಟ್‌ಬಾಲಿನಲ್ಲಿ ಇನ್ನೂ ಇದೆ.

ಶುಕ್ರವಾರ ಮಧ್ಯಾಹ್ನ 1ಕ್ಕೆ ಹೊರಡಬೇಕು, ಅದಕ್ಕಿಂತ ತಡ ಬೇಡ. 23ನೇ ಹೆದ್ದಾರಿಯಲ್ಲಿ ಡೆಲವೇರ್ ಊರಿನ ತನಕ ಸಾಲು ಸಿಗ್ನಲ್, ಆಮೇಲೆ ಸಲೀಸು. ಫಿಂಡ್ಲೆ ಹತ್ತಿರ 75ನೇ ಹೆದ್ದಾರಿ ಸೇರಿದರೆ ಟೊಲೀಡೋ ಒಂದು ಗಂಟೆಯೊಳಗೆ. ಬೆಳಕಿರುವಾಗಲೇ ತಲುಪಬೇಕು ಅನ್ನೋದು ಜಿಂಕೆಗಳ ಕಾರಣಕ್ಕೆ. ನವೆಂಬರ್ ಅವುಗಳ ಬೆದೆಯ ಕಾಲ, ಮುಸ್ಸಂಜೆಯಲ್ಲಿ ಹೊಲದಿಂದ ನೇರ ರಸ್ತೆಗೆ ನುಗ್ಗುತ್ತವೆ. ಅಡ್ಡ ಬಂದರೆ ಬ್ರೇಕ್ ಒತ್ತಬೇಕೇ ಹೊರತು ಸ್ಟೀರಿಂಗ್ ತಿರುಗಿಸಬಾರದು. ಜಿಂಕೆಗಿಂತ ಪಕ್ಕದ ಲಾರಿ, ಮರ ಹೆಚ್ಚು ಅಪಾಯ. ಹಿಂದಿನ ದಿನ ಕಾರಿನಲ್ಲಿ ಎರಡು ಕೆಲಸ ಇವೆ. ಟೈರಿಗೆ ಗಾಳಿ ನೋಡೋದು, ಯಾಕೆಂದರೆ ತಾಪಮಾನ ಐದೂವರೆ ಡಿಗ್ರಿ ಇಳಿದರೆ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತೆ. ಗಾಜು ತೊಳೆಯೋ ಡಬ್ಬಿಗೆ ಚಳಿಗಾಲದ ದ್ರವ ತುಂಬಿಸೋದು. ಬರೀ ನೀರು ಹಾಕಿದ್ದರೆ ಹೆಪ್ಪುಗಟ್ಟಿ ಪಂಪೇ ಕೆಡಬಹುದು.

ಟಿಕೆಟ್. ಹೊರಗಿಂದ ಬರುವ ತಂಡಕ್ಕೆ ಕೊಡುವ ಪಾಲು ಅದರ ದಾನಿಗಳಿಗೆ, ವಿದ್ಯಾರ್ಥಿಗಳಿಗೇ ಮುಗಿದುಹೋಗುತ್ತೆ. ನಮಗೆ ಉಳಿಯೋದು ಮರುಮಾರಾಟ. ಒಬ್ಬೊಬ್ಬರಿಗೆ ನೂರಾರು ಡಾಲರ್, ಅದರಲ್ಲಿ ಬಚ್ಚಿಡೋದೇನಿಲ್ಲ. ಈ ಮೇ ತಿಂಗಳಿಂದ ಶುಲ್ಕ ಸೇರಿಸಿದ ಒಟ್ಟು ಬೆಲೆಯನ್ನೇ ಮೊದಲು ತೋರಿಸಬೇಕು ಅಂತ ನಿಯಮ ಬಂದಿದೆ, ಅಷ್ಟು ಅನುಕೂಲ. ಬೇರೆ ಪಂದ್ಯಗಳಿಗೆ ಕೊನೇ ಗಳಿಗೆ ತನಕ ಕಾದರೆ ಬೆಲೆ ಇಳಿಯುತ್ತೆ. ಈ ಪಂದ್ಯಕ್ಕೆ ಆ ಜೂಜು ಬೇಡ, ಅದರಲ್ಲೂ ನಾಲ್ಕು ಸೀಟು ಒಟ್ಟಿಗೆ ಬೇಕಾದಾಗ.

ಸಾಲಿನ ಆಯ್ಕೆ ಅಪ್ಪನ ಮಂಡಿಗಾಗಿ. ಮೈದಾನ 1927ರದ್ದು, 1,07,601 ಜನ ಹಿಡಿಸುತ್ತೆ, ಆದರೂ ಹೊರಗಿಂದ ನೋಡಿದರೆ ಅಷ್ಟು ಎತ್ತರ ಕಾಣಲ್ಲ. ಬಹುಪಾಲನ್ನು ನೆಲ ಅಗೆದು ಕಟ್ಟಿದ್ದಾರೆ. ನಮ್ಮ ದೇವಸ್ಥಾನದ ಕಲ್ಯಾಣಿ ನೆನೆಸಿಕೊಳ್ಳಿ. ರಸ್ತೆ ಮಟ್ಟದಲ್ಲಿ ಒಳಗೆ ಕಾಲಿಟ್ಟರೆ ಮೆಟ್ಟಿಲು ಸಾಲು ಕೆಳಗಿಳಿಯುತ್ತ ಹೋಗಿ ತಳದಲ್ಲಿ ಅಂಗಳ. ಕೆಳಗಿನ ಸಾಲು ಹತ್ತಿರ ಅಂತ ದುಬಾರಿ, ಆದರೆ ಪ್ರತಿ ಸಲ ಶೌಚಾಲಯಕ್ಕೆ ಅಷ್ಟೂ ಮೆಟ್ಟಿಲು ಹತ್ತಿಳಿಯಬೇಕು. ಮೇಲಿನ ಸಾಲು, ದಾರಿಯ ಅಂಚಿನ ಸೀಟು ನಮಗೆ ಸರಿ. ಎತ್ತರದಿಂದ ಆಟದ ವಿನ್ಯಾಸವೂ ಚೆನ್ನಾಗಿ ಕಾಣುತ್ತೆ.

ಟಿಕೆಟ್ ಕಾಗದದಲ್ಲಿ ಬರಲ್ಲ, ಫೋನಿನಲ್ಲೇ. ಇಲ್ಲೇ ಬಹಳ ಜನ ಸಿಕ್ಕಿಬೀಳೋದು. ಲಕ್ಷ ಜನ ಸೇರಿದ ಕಡೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತೆ, ಗೇಟಿನ ಮುಂದೆ ಆ್ಯಪ್ ತೆರೆಯಲ್ಲ. ಸ್ಕ್ರೀನ್‌ಶಾಟ್ ನಂಬೋ ಹಾಗಿಲ್ಲ, ಕ್ಷಣಕ್ಷಣಕ್ಕೂ ಬದಲಾಗುವ ಬಾರ್‌ಕೋಡ್ ಇದ್ದರೆ ಅದು ನಡೆಯಲ್ಲ. ಶುಕ್ರವಾರ ರಾತ್ರಿಯೇ ಹೋಟೆಲ್ ವೈಫೈನಲ್ಲಿ ನಾಲ್ಕೂ ಟಿಕೆಟ್ ಫೋನಿನ ವಾಲೆಟ್‌ಗೆ ಇಳಿಸಿಬಿಟ್ಟರೆ ಆಯಿತು. ಚಳಿಗೆ ಬ್ಯಾಟರಿಯೂ ಬೇಗ ಕುಸಿಯುತ್ತೆ, 40 ಶೇಕಡ ತೋರಿಸ್ತಿದ್ದ ಫೋನ್ ಹಠಾತ್ತನೆ ಆರಿಹೋಗುತ್ತೆ. ಫೋನ್ ಒಳಜೇಬಿನಲ್ಲಿ, ಮೈಗೆ ತಾಗಿ ಇರಬೇಕು.

ಅಮ್ಮ, ಕೈಚೀಲ ಒಳಗೆ ಬಿಡಲ್ಲ ಅಂತಲೇ ಲೆಕ್ಕ ಹಾಕು. ವ್ಯಾನಿಟಿ ಬ್ಯಾಗ್, ಕೊಡೆ, ಮನೆ ತಿಂಡಿ ಎಲ್ಲ ಕಾರಿನಲ್ಲೇ. ಒಳಗೆ ಹೋದ ಮೇಲೆ ಹೊರಗೆ ಬಂದು ಮತ್ತೆ ಹೋಗೋದೂ ಇಲ್ಲ. ಆ ಹೊತ್ತಿನ ಮಾತ್ರೆ ಔಷಧಿ ಅಂಗಡಿಯ ಚೀಟಿ ಇರುವ ಮೂಲ ಪೊಟ್ಟಣದಲ್ಲೇ ಇರಲಿ, ಬಿಡಿಯಾಗಿ ಕಾಗದದಲ್ಲಿ ಸುತ್ತಿ ತರಬೇಡ. ಜಿಪ್ ಇರುವ ಜೇಬಿನ ಕೋಟು ಇಲ್ಲೇ ಕೊಳ್ಳೋಣ.

ಶನಿವಾರ ಬೆಳಗ್ಗೆ 7ಕ್ಕೆ ಟೊಲೀಡೋ ಬಿಡೋದು. 23ರಿಂದ 94ನೇ ಹೆದ್ದಾರಿಗೆ ತಿರುಗಿ, 175ನೇ ಎಕ್ಸಿಟ್‌ನಲ್ಲಿ ಇಳಿದರೆ ಆನ್ ಆರ್ಬರ್-ಸಲೀನ್ ರಸ್ತೆ, ನೇರ ಮೈದಾನದ ಕಡೆಗೆ. ತಡವಾದಷ್ಟೂ ಆ ಎಕ್ಸಿಟ್ ಕಟ್ಟಿಕೊಳ್ಳುತ್ತೆ. ಸುತ್ತಲಿನ ಮನೆಯವರು ತಮ್ಮ ಮುಂದಿನ ಹುಲ್ಲಿನ ಮೇಲೆ ಕಾರು ನಿಲ್ಲಿಸಿಕೊಂಡು ದುಡ್ಡು ತಗೋತಾರೆ, ರಟ್ಟಿನ ಬೋರ್ಡ್ ಹಿಡಿದು ರಸ್ತೆಗೇ ಬಂದು ಕರೀತಾರೆ. ಇಪ್ಪತ್ತರ ನೋಟು ನಾಲ್ಕೈದು ಕೈಯಲ್ಲಿರಲಿ. ದುಡ್ಡು ಕೊಡೋ ಮುಂಚೆ ಕೇಳಬೇಕಾದ್ದು ಒಂದೇ, ಹಿಂದೆ ಇನ್ನೊಂದು ಕಾರು ನಿಲ್ಲಿಸ್ತಾರಾ ಅಂತ. ನಿಲ್ಲಿಸಿದರೆ ಆ ಕಾರಿನವರು ಬರೋ ತನಕ ನಾವು ಬಂದಿ. ಮಳೆ ಬಂದಿದ್ದರೆ ಹುಲ್ಲು ಬಿಟ್ಟು ಕಾಂಕ್ರೀಟ್ ಜಾಗವೇ ಹುಡುಕಬೇಕು, ಕೆಸರಲ್ಲಿ ಚಕ್ರ ಹೂತರೆ ಅಲ್ಲಿಗೆ ಮುಗೀತು.

ಆಟಕ್ಕೆ ಮುಂಚೆ ಕಾರಿನ ಡಿಕ್ಕಿ ತೆಗೆದು ಅಲ್ಲೇ ಅಡುಗೆ ಮಾಡಿ ತಿನ್ನೋದು ಇಲ್ಲಿನ ಪದ್ಧತಿ. ಪುಳಿಯೋಗರೆ ಅಂತ ಅಮ್ಮ ಹೇಳಿದ್ದಳು, ಅದು ಬೇಡ. ಅನ್ನ ಬಿರುಸಾಗೋದು ಫ್ರಿಜ್ಜಿನಷ್ಟು ಚಳಿಯಲ್ಲೇ ಅತಿ ಬೇಗ, ಅವತ್ತಿನ ಹವೆಯೇ ಫ್ರಿಜ್ಜು. ಮೊಸರನ್ನವಂತೂ ಮುಟ್ಟೋಕಾಗಲ್ಲ. ಉಪ್ಪಿಟ್ಟು ಒಳ್ಳೇದು. ಎರಡು ಕಪ್ ರವೆ ಹುರಿದು, ಒಗ್ಗರಣೆ ಬೆರೆಸಿ, ಉಪ್ಪು ಹಾಕಿ ಒಣಗಿದ್ದಂತೆಯೇ ಡಬ್ಬಿಗೆ ತುಂಬಿಕೊಂಡರೆ ಅಲ್ಲಿ ಐದು ಕಪ್ ನೀರು ಕುದಿಸಿ ಸುರಿಯೋದು ಅಷ್ಟೇ. ಈರುಳ್ಳಿ ಬೇಡ, ಒದ್ದೆಯಾಗಿ ಕೆಡುತ್ತೆ. ಆದರೆ ಸ್ಟೌವ್ ಸರಿಯಾದ್ದಿರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ ಒಂಟಿ ಬರ್ನರ್‌ನದು ಬ್ಯೂಟೇನ್ ಡಬ್ಬಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗಲ್ಲ, ಡಬ್ಬಿ ತುಂಬಿದ್ದರೂ ಉರಿ ಸಣ್ಣಗಾಗಿ ಸತ್ತುಹೋಗುತ್ತೆ. ಪ್ರೋಪೇನ್‌ಗೆ ಮೈನಸ್ 42 ತನಕ ಆ ತೊಂದರೆ ಇಲ್ಲ. ಗಾಳಿಗೆ ಮರೆ ಕಟ್ಟಿ, ಮನೆಯವರನ್ನ ಒಂದು ಮಾತು ಕೇಳಿ ಹಚ್ಚಬೇಕು. ಫ್ಲಾಸ್ಕ್ ತುಂಬ ಕಾಫಿ ಹೇಗೂ ಇರುತ್ತೆ. ಒಳಗೆ ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ಅಷ್ಟೇ ಅಂದುಕೊಳ್ಳಿ.

ಇನ್ನು ಚಳಿ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಬಾರದು. ಕಾರಿನಿಂದ ನಡೆದು ಬರುವಾಗ ಬೆವರುತ್ತೆ, ಹತ್ತಿ ಅದನ್ನ ಹೀರಿ ಹಿಡಿದುಕೊಳ್ಳುತ್ತೆ, ಕೂತ ಮೇಲೆ ಅದೇ ನಡುಕ ಹುಟ್ಟಿಸುತ್ತೆ. ಒಳಗೆ ತೆಳು ಉಣ್ಣೆ ಅಥವಾ ಸಿಂಥೆಟಿಕ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಕೋಟು. ಅಮ್ಮ, ಸೀರೆ ಬೇಡ, ದಪ್ಪ ಪ್ಯಾಂಟು. ಅಪ್ಪನ ಮಂಕಿ ಕ್ಯಾಪ್ ಖಂಡಿತ ತನ್ನಿ, ಅದಕ್ಕಿಂತ ಒಳ್ಳೇದು ಇಲ್ಲೂ ಸಿಗಲ್ಲ.

ಕೈ ಬಿಸಿ ಮಾಡುವ ಪುಟ್ಟ ಪೊಟ್ಟಣ ಸಿಗುತ್ತೆ. ಒಳಗಿರೋದು ಕಬ್ಬಿಣದ ಪುಡಿ, ಗಾಳಿ ತಾಗಿ ತುಕ್ಕು ಹಿಡಿಯುವಾಗ ಶಾಖ ಬಿಡುತ್ತೆ. ಸೀಟಿಗೆ ಬಂದು ಒಡೆಯೋದಲ್ಲ, ಇಪ್ಪತ್ತು ನಿಮಿಷ ಮುಂಚೆ ಕಾರಿನಲ್ಲೇ ಒಡೆದು ಕೊಡವಬೇಕು. ಜೇಬಿನಲ್ಲಿ ಸರಿ, ಬಿಗಿ ಶೂ ಒಳಗೆ ಗಾಳಿಯಿಲ್ಲದೆ ತಣ್ಣಗೇ ಇರುತ್ತೆ. ಬರಿ ಚರ್ಮಕ್ಕೆ ಒತ್ತಿಟ್ಟುಕೊಂಡರೆ ಸುಡುತ್ತೆ. ಬೆಂಚಿಗೆ ಮಡಿಸಿದ ಕಂಬಳಿ ಹಾಸಬೇಕು, ಲೋಹ ಮೈಯ ಬಿಸಿಯೆಲ್ಲ ಎಳೆದುಕೊಳ್ಳುತ್ತೆ. ಒಬ್ಬೊಬ್ಬರಿಗೆ ಸಿಗೋದು ಒಂದೂವರೆ ಅಡಿ ಜಾಗ, ಎಲ್ಲರೂ ದಪ್ಪ ಕೋಟಿನಲ್ಲಿರೋದರಿಂದ ಅದೂ ಕಡಿಮೆಯೇ. ಅರ್ಧ ಆಟ ನಿಂತೇ ನೋಡಬೇಕಾಗುತ್ತೆ. ಶೌಚಾಲಯಕ್ಕೆ ವಿರಾಮದ ತನಕ ಕಾಯಬೇಡಿ. ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದರ ಕೊನೆಗೆ ಗಡಿಯಾರ ಇನ್ನು ಮೂರು ನಿಮಿಷ ತೋರಿಸುವಾಗ ಎದ್ದರೆ ಸಾಲು ಚಿಕ್ಕದು, ಆ ಮೂರು ನಿಮಿಷ ಮುಗಿಯೋಕೆ ಹತ್ತು ನಿಮಿಷ ಹಿಡಿಯುತ್ತೆ.

ಜನಜಂಗುಳಿ ಬಗ್ಗೆ ಅಮ್ಮ ಎರಡು ಸಲ ಕೇಳಿದಳು. ಜೂನ್‌ನಲ್ಲಿ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಹೋದ ಮೇಲೆ ಕೇಳದೆ ಇರೋದಾದರೂ ಹೇಗೆ? ಇಲ್ಲಿ ಬಾಗಿಲಿಗೆ ಬರೋರು ಟಿಕೆಟ್ ಇರೋರೇ, ಎಲ್ಲರಿಗೂ ಸೀಟಿನ ನಂಬರ್ ಇದೆ. ಒಳಗೆ ಹೋಗುವಾಗ ಹೆದರಿಕೆ ಇಲ್ಲ, ಹೊರಡುವಾಗಲೇ ಎಚ್ಚರ, ಎಲ್ಲರೂ ಒಂದೇ ಸಲ ಏಳ್ತಾರೆ. ನಾವು ಏಳೋದು ಬೇಡ. ಅರ್ಧ ಗಂಟೆ ಕೂತಿದ್ದು, ಬ್ಯಾಂಡ್ ಕೇಳಿ, ಮೆಟ್ಟಿಲು ಖಾಲಿಯಾದ ಮೇಲೆ ನಿಧಾನವಾಗಿ ಹೊರಡೋಣ. ಗೆದ್ದ ಖುಷಿಗೆ ಹುಡುಗರು ಬೇಲಿ ಹಾರಿ ಅಂಗಳಕ್ಕೆ ಇಳಿಯೋದುಂಟು, ನಮ್ಮ ಮೇಲಿನ ಸಾಲಿಗೆ ಅದು ತಟ್ಟಲ್ಲ. ಯಾರಾದರೂ ಕಿಚಾಯಿಸಿದರೆ ನಕ್ಕು ಸುಮ್ಮನಿರೋದು. ಕಳೆದ ವರ್ಷ ಕೊಲಂಬಸ್‌ನಲ್ಲಿ ಆಟ ಮುಗಿದ ಮೇಲೆ ಆಟಗಾರರೇ ಬಾವುಟದ ವಿಷಯಕ್ಕೆ ಹೊಡೆದಾಡಿ, ಪೊಲೀಸರು ಪೆಪ್ಪರ್ ಸ್ಪ್ರೇ ಹಾಕಬೇಕಾಯಿತು.

ಬಣ್ಣದ ವಿಷಯ ಮರೆಯಬಾರದು. ಓಹಾಯೋದು ಕೆಂಪು, ಬೂದು. ಮಿಷಿಗನ್‌ದು ಹಳದಿ, ನೀಲಿ. ಅಪ್ಪ ರಾಜ್ಯೋತ್ಸವದ ಶಾಲು ಹೊದ್ದು ಬರ್ತೀನಿ ಅಂದಿರಲ್ಲ, ಅದರಲ್ಲಿ ಎರಡೂ ಕಡೆಯದು ಅರ್ಧರ್ಧ ಇದೆ! ಯಾರ ಪಕ್ಷ ಅಂತ ಅಲ್ಲಿ ಯಾರಿಗೂ ಗೊತ್ತಾಗಲ್ಲ. ಕರಿ ಕೋಟಿನ ಮೇಲೆ ಅದನ್ನೇ ಹೊದ್ದುಕೊಳ್ಳಿ.

ಆ ರಾತ್ರಿ ಟೊಲೀಡೋದಲ್ಲೇ. ಭಾನುವಾರ ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿಸಿ ವಾಪಸ್ ಹೋಗೋರ ದಟ್ಟಣೆ ಇರುತ್ತೆ, 9ರೊಳಗೆ ಹೊರಟರೆ ಊಟದ ಹೊತ್ತಿಗೆ ಮನೆ.

ಈಗ ನಿಮ್ಮಿಂದ ಆಗಬೇಕಾದ್ದು ಒಂದು ಕೆಲಸ. ಶೂ ಇಲ್ಲೇ ತರಿಸಿಡ್ತೀನಿ, ಪಾದದ ಅಳತೆ ಬೇಕು. ದಪ್ಪ ಕಾಲುಚೀಲ ಹಾಕಿಕೊಂಡು, ಸಂಜೆ ಹೊತ್ತು (ಬೆಳಗ್ಗೆಗಿಂತ ಸಂಜೆ ಪಾದ ಕೊಂಚ ಊದಿರುತ್ತೆ), ಬಿಳಿ ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಇನ್ನೊಬ್ಬರು ಪೆನ್ಸಿಲ್ ನೇರ ಹಿಡಿದು ಗೆರೆ ಎಳೀಬೇಕು. ಎರಡೂ ಪಾದ. ಹಿಮ್ಮಡಿಯಿಂದ ಉದ್ದದ ಬೆರಳಿಗೆ ಎಷ್ಟು ಸೆಂಟಿಮೀಟರ್, ಅಗಲ ಎಷ್ಟು ಅಂತ ಬರೆದು ಫೋಟೋ ಕಳಿಸಿ. ಬಿಗಿ ಶೂಗೆ ಎರಡು ಜೊತೆ ಕಾಲುಚೀಲ ತುರುಕಿದರೆ ಒಳಗಿನ ಗಾಳಿಗೂ ರಕ್ತಕ್ಕೂ ಜಾಗವಿಲ್ಲದೆ ಬೆರಳು ಇನ್ನೂ ಬೇಗ ಮರಗಟ್ಟುತ್ತೆ, ಅದಕ್ಕೇ ಅರ್ಧ ಸೈಜು ದೊಡ್ಡದು ತಗೋತೀನಿ. ಅಪ್ಪನ ಎಡಗಾಲು ಬಲಗಾಲಿಗಿಂತ ಉದ್ದ ಇರಬೇಕು, ಉದ್ದದ್ದನ್ನೇ ಲೆಕ್ಕಕ್ಕೆ ಹಿಡೀರಿ.

ಇಂತಿ,
ನಿಮ್ಮ ಮಗ