ಸಾಗರ ತಳದ ಕೋರ್‌ಗಳನ್ನು ಓದುವುದಕ್ಕೂ ದುಡ್ಡು ಎತ್ತಿಡಿ: ಕೇಂದ್ರ ಭೂವಿಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಭೂವಿಜ್ಞಾನ ಪಾಠ ಹೇಳುವ ಮೇಷ್ಟ್ರು. 2024ರ ಸೆಪ್ಟೆಂಬರಿಗೆ ಮುಗಿದ ಅಂತರರಾಷ್ಟ್ರೀಯ ಸಾಗರ ಶೋಧ ಕಾರ್ಯಕ್ರಮ, ಅಂದರೆ ಐಒಡಿಪಿ ಬಗ್ಗೆ ಈ ಪತ್ರ. ಭಾರತವೂ ಅದರ ಸದಸ್ಯ ದೇಶವಾಗಿತ್ತು. ನಿಮ್ಮ ಸಚಿವಾಲಯದ ಗೋವಾ ಕೇಂದ್ರವೇ ನಮ್ಮ ಕಡೆಯ ಕೆಲಸ ನೋಡಿಕೊಂಡಿತ್ತು.

ಹೆಸರು ಆಗಾಗ ಬದಲಾದರೂ ಈ ಕೆಲಸ ಶುರುವಾಗಿದ್ದು 1968ರಲ್ಲಿ. ಹಲವು ದೇಶಗಳು ಸೇರಿ ದುಡ್ಡು ಹಾಕಿ, ಒಂದೇ ಹಡಗಿನಲ್ಲಿ ಕೂತು, ಸಮುದ್ರದ ತಳ ಕೊರೆದು, ಸಿಕ್ಕಿದ್ದನ್ನು ಹಂಚಿಕೊಂಡು ಓದಿದವು. ಜಾಯ್ಡಸ್ ರೆಸಲ್ಯೂಶನ್ ಎಂಬ ಹಡಗು 1985ರಿಂದ ಈ ಕೆಲಸದಲ್ಲಿತ್ತು. ಅದನ್ನು ಕಟ್ಟಿದ್ದು 1978ರಲ್ಲಿ, ಎಣ್ಣೆ ಹುಡುಕೋದಕ್ಕೆ. ಅದರ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2023ರಲ್ಲಿ ಹೇಳಿತು. ಮರುವರ್ಷ ಹಡಗು ಕೊನೆಯ ಯಾನ ಮುಗಿಸಿತು.

ದೊಡ್ಡ ಯೋಜನೆ ಮುಗಿದಾಗ ನಮ್ಮಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಎರಡು ದಿನದ ವಿಚಾರ ಸಂಕಿರಣ, ಬಣ್ಣದ ಫೋಟೋ ತುಂಬಿದ ದಪ್ಪ ವರದಿ, ಶಾಲು, ಹಾರ, ನೆನಪಿನ ಕಾಣಿಕೆ. ಅದೆಲ್ಲ ಇರಲಿ, ದುಡಿದವರಿಗೆ ಶಾಲು ಹೊದಿಸೋದು ತಪ್ಪಲ್ಲ. ಆದರೆ ಆಮೇಲೆ ಫೈಲು ಮುಚ್ಚಿಬಿಡುತ್ತೇವಲ್ಲ, ನನ್ನ ತಕರಾರು ಅಲ್ಲಿದೆ.

ಯಾಕೆ ಅಂದರೆ ಇದರ ನಿಜವಾದ ಆಸ್ತಿ ಇನ್ನೂ ತಣ್ಣನೆ ಕೋಣೆಗಳಲ್ಲಿದೆ. ಈವರೆಗೆ ತೆಗೆದ ಕೋರ್‌ಗಳನ್ನು, ಅಂದರೆ ಸಮುದ್ರದ ತಳ ಕೊರೆದು ತೆಗೆದ ಕೆಸರು, ಕಲ್ಲಿನ ಕಂಬಗಳನ್ನು, ಒಂದರ ಹಿಂದೆ ಒಂದು ಜೋಡಿಸಿದರೆ 400 ಕಿ.ಮೀ.ಗೂ ಜಾಸ್ತಿ ಉದ್ದವಾಗುತ್ತೆ. ಜರ್ಮನಿಯ ಬ್ರೆಮೆನ್, ಅಮೆರಿಕದ ಕಾಲೇಜ್ ಸ್ಟೇಷನ್, ಜಪಾನಿನ ಕೋಚಿ, ಇವು ಮುಖ್ಯ ಭಂಡಾರಗಳು. ಹಿಂದೂ ಮಹಾಸಾಗರದ್ದು ಹೆಚ್ಚಾಗಿ ಕೋಚಿಯಲ್ಲಿದೆ. (ಕೇರಳದ ಕೊಚ್ಚಿ ಆಗಿದ್ದರೆ ರಾತ್ರಿ ಬಸ್ಸು ಹತ್ತಬಹುದಿತ್ತು!)

ಕೋರ್ ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಮೆತ್ತನೆ ಕೆಸರಿನಲ್ಲಿ ಕೊಳವೆಯನ್ನು ರಭಸದಿಂದ ಚುಚ್ಚಿದರೆ ಒಂದು ಸಲಕ್ಕೆ ಒಂಬತ್ತೂವರೆ ಮೀಟರ್ ಕೆಸರಿನ ಕಂಬ ಮೇಲೆ ಬರುತ್ತೆ. ಅದನ್ನು ಒಂದೂವರೆ ಮೀಟರಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಉದ್ದಕ್ಕೆ ಸೀಳುತ್ತಾರೆ. ಒಂದು ಹೋಳು ಕಾಪಾಡೋದಕ್ಕೆ, ಇನ್ನೊಂದು ಕೆಲಸಕ್ಕೆ. ಎರಡನ್ನೂ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡುತ್ತಾರೆ. ಮೇಲಿನ ಚೀಟಿಯಲ್ಲಿ ಯಾವ ಯಾನ, ಯಾವ ಜಾಗ, ಎಷ್ಟನೇ ಕೋರ್, ಎಷ್ಟನೇ ತುಂಡು ಅಂತ ಎಲ್ಲ ಇರುತ್ತೆ. ಆ ಚೀಟಿ ಹೋದರೆ ಉಳಿಯೋದು ಬರೀ ಕೆಸರು.

ನಮ್ಮ ಪಾಲಿನ ಕಥೆಯೂ ಅಲ್ಲೇ ಇದೆ. 2015ರ ಏಪ್ರಿಲ್, ಮೇ ತಿಂಗಳಲ್ಲಿ 355ನೇ ಯಾನದವರು ಅರಬ್ಬಿ ಸಮುದ್ರದ ಲಕ್ಷ್ಮಿ ಜಲಾನಯನದಲ್ಲಿ ಕೊರೆದರು. ಯು1456 ಎಂಬ ಜಾಗ ನಮ್ಮ ಪಶ್ಚಿಮ ಕರಾವಳಿಯಿಂದ ಸುಮಾರು 475 ಕಿ.ಮೀ. ಆಚೆ. ಯಾನದ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರು ಭಾರತೀಯರು. ಸಮುದ್ರದ ತಳದಿಂದ ಒಂದು ಕಿ.ಮೀ.ಗೂ ಕೆಳಗೆ ಇಳಿದರು. ಅಲ್ಲಿ ಸಿಕ್ಕಿದ್ದು ಸುಮಾರು 1 ಕೋಟಿ 8 ಲಕ್ಷ ವರ್ಷಗಳ ಹಿಂದಿನ ಒಂದು ಮಹಾ ಭೂಕುಸಿತದ ರಾಶಿ, 300 ಮೀಟರಿಗೂ ಜಾಸ್ತಿ ದಪ್ಪ. ಭಾರತದ ಅಂಚಿನಿಂದ ಜಾರಿ ಸಮುದ್ರದ ಆಳಕ್ಕೆ ಬಂದು ಬಿದ್ದದ್ದು. ಅದಕ್ಕೆ ನಟರಾಜ ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಮನೆ ಬಾಗಿಲಲ್ಲಿ ನಡೆದ ಇಂಥ ಘಟನೆ ಎಷ್ಟು ಡಿಗ್ರಿ ಕಾಲೇಜುಗಳ ಪಾಠದಲ್ಲಿದೆ, ಹೇಳಿ?

ಇನ್ನೊಂದು ನೋಡಿ. ಅದಕ್ಕೆ ಸ್ವಲ್ಪ ಮೊದಲು, 353ನೇ ಯಾನದಲ್ಲಿ, ಮಹಾನದಿ ಸಮುದ್ರ ಸೇರುವ ಕಡೆ ಯು1446ರಲ್ಲಿ ಕೊರೆದರು. ಆ ಕೆಸರಿನಲ್ಲಿ 9 ಲಕ್ಷ ವರ್ಷಗಳ ಮುಂಗಾರು ಮಳೆಯ ಲೆಕ್ಕ ಸಿಕ್ಕಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಾಗ, ಭೂಮಿಯ ಮೇಲೆ ಹಿಮದ ಹಾಸು ಕಡಿಮೆ ಇದ್ದಾಗ ಮುಂಗಾರು ಜೋರಾಗಿತ್ತು ಅಂತ ಅದರಿಂದ ಗೊತ್ತಾಯಿತು. ಈ ಪ್ರಬಂಧ ಹೊರಬಂದದ್ದು 2021ರಲ್ಲಿ. ಕೊರೆಯೋದಕ್ಕೆ ವಾರಗಳು, ಓದೋದಕ್ಕೆ ವರ್ಷಗಳು. ಈ ಅನುಪಾತ ನಿಮ್ಮ ಬಜೆಟ್‌ನಲ್ಲಿ ಕಾಣಬೇಕು ಅನ್ನೋದೇ ನನ್ನ ಕೋರಿಕೆ.

ಓದೋದಕ್ಕೆ ಅಷ್ಟು ಸಮಯ ಯಾಕೆ? ಕೆಲವೇ ಸೆಂಟಿಮೀಟರಿಗೊಂದು ಸ್ಯಾಂಪಲ್ ತೆಗೀಬೇಕು. ಪ್ರತಿಯೊಂದನ್ನೂ ಸಣ್ಣ ಜರಡಿಯಲ್ಲಿ ನೀರು ಹಾಕಿ ತೊಳೆದು ಒಣಗಿಸಬೇಕು. ಉಳಿದ ಪುಡಿಯಲ್ಲಿ ಫೊರಾಮಿನಿಫೆರಾ ಎಂಬ ಜೀವಿಗಳ ಚಿಪ್ಪುಗಳಿರುತ್ತವೆ, ಮರಳಿನ ಕಾಳಿನಷ್ಟೇ ದೊಡ್ಡವು. ಸೂಕ್ಷ್ಮದರ್ಶಕದ ಕೆಳಗೆ, ಒದ್ದೆ ಕುಂಚದ ತುದಿಯಲ್ಲಿ, ಬೇಕಾದ ಜಾತಿಯನ್ನು ಒಂದೊಂದಾಗಿ ಎತ್ತಿ ಇಡಬೇಕು. ಆಮೇಲೆ ತಾನೇ ಯಂತ್ರ ಆ ಚಿಪ್ಪಿನ ಆಮ್ಲಜನಕದ ಐಸೊಟೋಪ್, ಅಂದರೆ ಬೇರೆ ಬೇರೆ ತೂಕದ ಆಮ್ಲಜನಕದ ಪರಮಾಣುಗಳ ಪ್ರಮಾಣ, ಅಳೆಯೋದು. ಹಳೇ ಹವಾಮಾನದ ಸುಳಿವು ಅದರಲ್ಲಿದೆ. ಜಾತಿ ಗುರುತಿಸುವ ಕಣ್ಣು ಪಳಗೋದಕ್ಕೇ ವರ್ಷಗಳು ಬೇಕು. ಅಂಥ ಕಣ್ಣಿರುವವರು ನಿವೃತ್ತರಾಗುತ್ತಿದ್ದಾರೆ. ಮೂರು ವರ್ಷದ ಯೋಜನೆ, ಅದರಲ್ಲಿ ಒಂದು ವರ್ಷ ಫೆಲೋಶಿಪ್ ಬರೋದೇ ತಡ. ಹೀಗಿದ್ದರೆ ಹುಡುಗರು ಯಾಕೆ ಈ ಕಡೆ ಬರ್ತಾರೆ?

2021ರಲ್ಲಿ ಆಳ ಸಮುದ್ರ ಶೋಧಿಸುವ ಸರ್ಕಾರಿ ಯೋಜನೆಯಾದ ಡೀಪ್ ಓಷನ್ ಮಿಷನ್‌ಗೆ 4,077 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಅದರ ಪುಟ್ಟ ಜಲಾಂತರ್ವಾಹನ ಮತ್ಸ್ಯ 6000 ಮೂವರನ್ನು ಕೂರಿಸಿಕೊಂಡು 6,000 ಮೀಟರ್ ಆಳಕ್ಕೆ ಇಳಿಯಲಿ, ನನಗೂ ಖುಷಿಯೇ. ಆದರೆ ಕೊರೆದ ಕೋರ್‌ಗಳನ್ನು ಓದದೆ ಹೊಸ ಹಡಗಿನ ಮಾತಾಡೋದು, ಬೋರ್‌ವೆಲ್ ಕೊರೆಸಿ ನೀರು ಬಂದ ಮೇಲೆ ಪಂಪು ಇಳಿಸದೆ ಪಕ್ಕದಲ್ಲಿ ಇನ್ನೊಂದು ಪಾಯಿಂಟ್ ನೋಡಿಸಿದ ಹಾಗೆ. ಚೀನಾ 2024ರ ನವೆಂಬರಿನಲ್ಲಿ ಮೆಂಗ್ ಶಿಯಾಂಗ್ ಎಂಬ ಕೊರೆಯುವ ಹಡಗನ್ನು ಕೆಲಸಕ್ಕಿಳಿಸಿತು. ಜಪಾನ್ ಮತ್ತು ಯುರೋಪಿನವರು 2025ರ ಜನವರಿಯಿಂದ ಹೊಸ ಕಾರ್ಯಕ್ರಮ ಶುರು ಮಾಡಿದರು. ನಮಗೂ ಒಂದು ಹಡಗು ಬೇಕು ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳ್ತಾರೆ. ಬೇಡ ಅನ್ನಲಾರೆ, ಆದರೆ ಅದು ಎರಡನೇ ಮಾತು.

ಮೊದಲನೆಯದಕ್ಕೆ, ಅಂದರೆ ಇರುವ ಕೋರ್‌ಗಳನ್ನು ಓದೋದಕ್ಕೆ, ಖರ್ಚು ತೀರಾ ಕಡಿಮೆ. ಯಾನ ಮುಗಿದು ಒಂದು ವರ್ಷದ ಕಾಯ್ದಿರಿಸಿದ ಅವಧಿ ಕಳೆದ ಮೇಲೆ ಯಾವ ದೇಶದ ಸಂಶೋಧಕರು ಬೇಕಾದರೂ ಅರ್ಜಿ ಹಾಕಿ ಸ್ಯಾಂಪಲ್ ಕೇಳಬಹುದು. ಹಡಗು ಹತ್ತಿದವರೇ ಆಗಬೇಕಿಲ್ಲ. ಹಳೇ ಕೋರ್‌ಗಳ ಬೆಲೆ ಏನು ಅಂತ 2020ರಲ್ಲಿ ಜಗತ್ತೇ ನೋಡಿತು. ಬೇರೆ ಬೇರೆ ದಶಕಗಳಲ್ಲಿ ತೆಗೆದ ಕೋರ್‌ಗಳನ್ನು ಜೋಡಿಸಿ, 6 ಕೋಟಿ 60 ಲಕ್ಷ ವರ್ಷಗಳ ಹವಾಮಾನವನ್ನು ಒಂದೇ ಗೆರೆಯಲ್ಲಿ ಬರೆದರು. ನಮ್ಮವರಿಗೆ ಬೇಕಾಗಿರೋದು ಹತ್ತು ವರ್ಷ ಬದಲಾಗದ ಒಂದು ಬಜೆಟ್ ಬಾಬ್ತು: ಕೋಚಿಗೆ ಹೋಗಿಬರುವ ಖರ್ಚು, ಐಸೊಟೋಪ್ ಯಂತ್ರದ ಸಮಯ, ಕುಂಚ ಹಿಡಿಯೋ ಹುಡುಗ ಹುಡುಗಿಯರಿಗೆ ತಿಂಗಳು ತಿಂಗಳು ತಪ್ಪದೆ ಬರುವ ಫೆಲೋಶಿಪ್. ಅರ್ಧದಷ್ಟಾದರೂ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಹೋಗಲಿ. ಎಲ್ಲವೂ ದೊಡ್ಡ ಸಂಸ್ಥೆಗಳಿಗೇ ಹೋದರೆ ಮತ್ತೆ ಅದೇ ನಾಲ್ಕು ಜನ ಓದ್ತಾರೆ.

ಕೊನೆಯದಾಗಿ, ಯಾರ ಕಣ್ಣಿಗೂ ಬೀಳದ ಒಂದು ಸಂಗತಿ. ತೊಳೆದು ಒಣಗಿಸಿದ ಸ್ಯಾಂಪಲ್‌ಗಳು ಪುಟ್ಟ ಗಾಜಿನ ಬಾಟಲಿಗಳಲ್ಲಿ ಪ್ರಾಧ್ಯಾಪಕರ ಬೀರುಗಳಲ್ಲಿ ಇರುತ್ತವೆ. ಜೊತೆಗೆ ಪ್ರಕಟವಾಗದ ಎಣಿಕೆಗಳು, ನೋಟ್‌ಬುಕ್ಕುಗಳು. ಅವರು ನಿವೃತ್ತರಾದರೆ ಕೋಣೆ ಇನ್ನೊಬ್ಬರಿಗೆ. ಬೀರು ಖಾಲಿ ಮಾಡೋರಿಗೆ ಆ ಬಾಟಲಿ ಏನು ಅಂತ ಗೊತ್ತಿರಲ್ಲ. ಯಾವ ಯಾನದ ಯಾವ ಸ್ಯಾಂಪಲ್ ಯಾರ ಹತ್ತಿರ ಇದೆ ಎಂಬ ಪಟ್ಟಿ ಮಾಡಿಸಿ, ಸಾರ್ವಜನಿಕವಾಗಿ ಸಿಗೋ ಹಾಗೆ ಇಡಿಸಿ. ಇದಕ್ಕೆ ಮುಂದಿನ ಬಜೆಟ್ ತನಕ ಕಾಯಬೇಕಿಲ್ಲ. ನಿಮ್ಮ ಸಚಿವಾಲಯದಿಂದ ಒಂದು ಸುತ್ತೋಲೆ ಹೊರಟರೆ ಸಾಕು.

ಇಂತಿ,
ಒಬ್ಬ ಭೂವಿಜ್ಞಾನ ಮೇಷ್ಟ್ರು