ಗೆಳೆಯನಿಗೊಂದು ಪತ್ರ: ತೀರ್ಪು ಇರಲೇಬೇಕು ಮಾರಾಯ

ಪ್ರೀತಿಯ ಗೆಳೆಯ,

‘ನಿಮ್ಮ ದೇವರು ಪ್ರೀತಿ ಅಂತೀರಿ, ಮತ್ತೆ ಈ ಕಡೆಯ ದಿನದ ತೀರ್ಪು ಗೀರ್ಪು ಯಾಕೆ?’ ಅಂತ ಶೆಟ್ಟಿಹಳ್ಳಿಯಲ್ಲಿ ಹಿನ್ನೀರಿಗೆ ಮುಳುಗುವ ಚರ್ಚು ನೋಡಲು ಹೋದಾಗ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಇಲ್ಲೇ ಬರೆಯುತ್ತೇನೆ, ನಾಲ್ಕು ಜನ ಓದಲಿ.

ಅಮ್ಮ ಮೂಡಿಗೆರೆ ಕಡೆ ಒಂದು ತೋಟದಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದಳು, ನಿನಗೆ ಗೊತ್ತು. ಸಂಜೆ ತೂಕ. ಮರದ ಕೊಂಬೆಗೆ ಕೊಕ್ಕೆ ತಕ್ಕಡಿ ತೂಗುಹಾಕಿ ಅದಕ್ಕೆ ಚೀಲ ಸಿಕ್ಕಿಸುತ್ತಿದ್ದರು. ಮುಳ್ಳು ಅಲುಗಾಡುವುದು ನಿಲ್ಲುವ ಮೊದಲೇ ಮೇಸ್ತ್ರಿ ತೂಕ ಕೂಗುತ್ತಿದ್ದ, ರೈಟರು ಬರೆದುಕೊಳ್ಳುತ್ತಿದ್ದರು. ಮೇಸ್ತ್ರಿಯ ಒಂದು ಕೈ ಚೀಲದ ತಳದಲ್ಲೇ ಇರುತ್ತಿತ್ತು. ಒಂದೆರಡು ಕೆಜಿ ಅಲ್ಲೇ ಹೋಯಿತು. ಅಮ್ಮ ನೋಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಇರುವ ಲೈನ್ ಮನೆಯೂ ತೋಟದವರದೇ ಅಲ್ವಾ?

ಬೈಬಲಿನಲ್ಲಿ ಯಕೋಬರ ಪತ್ರದ 5ನೇ ಅಧ್ಯಾಯ ಓದು. ಹೊಲ ಕುಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಅವರ ಗೋಳು ದೇವರ ಕಿವಿ ಮುಟ್ಟಿದೆ ಅನ್ನುತ್ತಾರೆ. ಅಂದರೆ ಯಾವ ಪುಸ್ತಕದಲ್ಲೂ ಬರೆಯದ ಆ ಒಂದೆರಡು ಕೆಜಿ ಒಬ್ಬರ ಲೆಕ್ಕದಲ್ಲಿ ಇದೆ. ಅಮ್ಮನನ್ನು ಪ್ರೀತಿಸುವ ದೇವರು ಆ ಕೈ ನೋಡಿಯೂ ಸುಮ್ನೆ ಇದ್ದುಬಿಟ್ಟರೆ ಆ ಪ್ರೀತಿ ಕಟ್ಟಿಕೊಂಡು ನಾನೇನು ಮಾಡಲಿ? 96ನೇ ಕೀರ್ತನೆಯಲ್ಲಿ ದೇವರು ಭೂಮಿಗೆ ನ್ಯಾಯ ತೀರಿಸಲು ಬರುತ್ತಾರೆ ಅಂತ ಕಾಡಿನ ಮರಗಳೆಲ್ಲ ಹಾಡುತ್ತವೆ. ತೀರ್ಪು ಬರುತ್ತದೆ ಅಂತ ಖುಷಿಗೆ ಹಾಡುತ್ತವೆ ಮಾರಾಯ!

ಇಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆಗುತ್ತಿಲ್ಲ.

ಆ ತೋಟದ ಯಜಮಾನರೂ ನಮ್ಮ ಚರ್ಚಿನವರೇ. ಮುಂದಿನ ಬೆಂಚು ಅವರದು. ಅವರು ತೀರಿಕೊಂಡಾಗ ಚರ್ಚು ತುಂಬಿತ್ತು, ಎಲ್ಲರ ಬಾಯಲ್ಲೂ ಒಳ್ಳೆಯ ಮಾತು. ನಾನು ಹಿಂದೆ ನಿಂತಿದ್ದೆ. ಪೆಟ್ಟಿಗೆ ಎತ್ತುವಾಗ ನನ್ನೊಳಗೆ ಒಂದೇ ಪ್ರಾರ್ಥನೆ: ದೇವರೇ, ಇವರನ್ನು ಎಬ್ಬಿಸು, ಅಮ್ಮನ ಮುಂದೆ ನಿಲ್ಲಿಸು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅಮ್ಮನಿಗೂ.

ಆಮೇಲೆ ಯೋಚಿಸಿದರೆ ನಮ್ಮ ವಿಶ್ವಾಸ ಹೇಳುವುದೂ ಅದನ್ನೇ. 325ರಲ್ಲಿ ಈಗಿನ ಟರ್ಕಿಯ ನೈಸಿಯಾದಲ್ಲಿ ಬಿಷಪ್ಪರು ಕೂಡಿ ಒಪ್ಪಿದ ವಿಶ್ವಾಸ ಪ್ರಮಾಣದಲ್ಲೇ ಇದೆ, ಯೇಸು ಜೀವಂತರಿಗೂ ಸತ್ತವರಿಗೂ ತೀರ್ಪು ಕೊಡಲು ಬರುತ್ತಾರೆ ಅಂತ. ಸತ್ತವರಿಗೂ! ಸತ್ತ ಮಾತ್ರಕ್ಕೆ ಯಾರ ಲೆಕ್ಕವೂ ಚುಕ್ತಾ ಆಗುವುದಿಲ್ಲ. ಇನ್ನು ಆ ನ್ಯಾಯಾಧೀಶರು ಯಾರು? ತಪ್ಪು ಕಾಣುತ್ತಿಲ್ಲ ಅನ್ನುತ್ತಲೇ ರೋಮನ್ ಅಧಿಕಾರಿ ಪಿಲಾತ ಶಿಲುಬೆಗೆ ಒಪ್ಪಿಸಿದನಲ್ಲ, ಆ ಯೇಸುವೇ. ಅನ್ಯಾಯದ ತೀರ್ಪು ಮೈಮೇಲೆ ಬಿದ್ದವರು. ಅದಕ್ಕೇ ನನ್ನ ಕೋಪವನ್ನು ಅವರ ಕೈಗೆ ಕೊಡಲು ಧೈರ್ಯ ಬರುತ್ತದೆ. ಸೇಡು ತೀರಿಸುವುದು ದೇವರಿಗೆ ಬಿಟ್ಟಿದ್ದು ಅಂತ ಪೌಲರು ರೋಮಿನವರಿಗೆ ಬರೆದರು. ಆ ಮಾತು ಇಲ್ಲದೇ ಹೋಗಿದ್ದರೆ ಆ ಮನೆಯವರ ಜೊತೆ ಒಂದೇ ಚರ್ಚಿನಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಈಗ ನಿದ್ದೆ ಕೆಡಿಸುತ್ತಿರುವುದು ಬೇರೆ. ನನ್ನದೂ ಎರಡೆಕರೆ ಇದೆಯಲ್ಲ. ಹೋದ ಕುಯ್ಲಿಗೆ ಅಸ್ಸಾಮಿನವರು ಬಂದಿದ್ದರು. ತೂಕಕ್ಕೆ ನಾನೇ ನಿಂತೆ. ಮುಳ್ಳು ನೀವೇ ನೋಡಿ ಅಂತ ಕೈ ಮಾಡಿ ತೋರಿಸಿದೆ. ಒಬ್ಬ ಹುಡುಗಿ ಮುಳ್ಳು ನೋಡಲಿಲ್ಲ, ನನ್ನ ಮುಖ ನೋಡಿದಳು. ಅಮ್ಮ ಮೇಸ್ತ್ರಿಯನ್ನು ನೋಡುತ್ತಿದ್ದ ಹಾಗೇ.

ಮತ್ತಾಯನ 25ನೇ ಅಧ್ಯಾಯದಲ್ಲಿ, ತೀರ್ಪಿನ ದಿನ ‘ನಾನು ಹಸಿದಿದ್ದೆ, ನೀವು ಕೊಡಲಿಲ್ಲ’ ಅಂತ ರಾಜ ಹೇಳಿದಾಗ ಎಡಗಡೆ ನಿಂತವರು ‘ನಿನ್ನನ್ನು ಯಾವಾಗ ನೋಡಿದೆವು?’ ಅನ್ನುತ್ತಾರೆ. ನಾಟಕವಲ್ಲ ಅದು, ಅವರಿಗೆ ನಿಜವಾಗಿ ಗೊತ್ತೇ ಇಲ್ಲ. ನನಗೆ ಭಯ ಇರುವುದು ಅಲ್ಲೇ. ಅಮ್ಮನಿಗೋಸ್ಕರ ಬೇಡಿಕೊಂಡ ತೀರ್ಪು ನನ್ನ ತೋಟಕ್ಕೂ ಬರುತ್ತದೆ. ಬರಲಿ. ಬರಲೇಬೇಕು.

ಸರಿ, ಜಾಸ್ತಿ ಆಯ್ತು. ನವೆಂಬರ್ 2ಕ್ಕೆ ಬಾ, ಸತ್ತವರನ್ನು ನೆನೆಯುವ ದಿನ. ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಮನೆಗೆ ಬಂದರೆ ಕಡುಬು, ಕೋಳಿ ಸಾರು. ನಿನಗೆ ಮಾತ್ರ ಕಡುಬು ಎಣಿಸುವುದಿಲ್ಲವಂತೆ, ಅಮ್ಮನೇ ಹೇಳಿದ್ದಾಳೆ. ಚಿಕ್ಕಮಗಳೂರಿನಲ್ಲಿ ಬಸ್ ಹತ್ತಿದವನು ಸೀದಾ ಬಾ. ಹೋದ ಸಲದ ಹಾಗೆ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದುಬಿಡಬೇಡ.

ನಿನ್ನ ಗೆಳೆಯ